ಬೆಚ್ಚಗಿನ ಚೌಕಟ್ಟು

ಶ್ರಾವಣ ಸೋಮವಾರದ ಹಿಂದಿನ ದಿನ. ಹುಣಸೆಹಣ್ಣು ಹಚ್ಚಿ ದೇವರ ದೀಪಗಳನ್ನು ತಿಕ್ಕುತ್ತಿದ್ದಾಗ ಮಾನ್ವಿಯಿಂದ ತಂಗಿಯ ಫೋನು ಬಂತು. ಕೈಯೆಲ್ಲ ಹುಳಿ. ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

ಅವಳ ಹಾಲಿನ ಅಂಗಡಿಗೆ ಐಸ್‌ಕ್ರೀಮ್ ಕಂಪನಿಯವರು ಗಾಜಿನ ಬಾಗಿಲಿನ ಫ್ರೀಜರ್ ಕೊಟ್ಟು ಎರಡು ತಿಂಗಳಾಗಿತ್ತು. ಮಳೆ ಹಿಡಿದಾಗಿನಿಂದ ಗಾಜು ಬೆವರುತ್ತಲೇ ಇತ್ತು. ಒಳಗೇನಿದೆ ಎಂದು ಕಾಣದೆ ಗಿರಾಕಿಗಳು ತಿರುಗಿ ಹೋಗುತ್ತಿದ್ದರು. ನೆಲಕ್ಕಿಳಿದ ನೀರಿನಲ್ಲಿ ಒಬ್ಬ ಅಜ್ಜಿ ಜಾರಿ, ಕಟ್ಟೆ ಹಿಡಿದು ಬೀಳದೆ ಉಳಿದಿದ್ದರು. ತಂಗಿ ದಿನವಿಡೀ ಒರೆಸುತ್ತಿದ್ದಳು. ಕಂಪನಿಯಿಂದ ಆರ್ಡರ್ ಬರೆದುಕೊಳ್ಳಲು ಬರುವಾತ ಅಂದು ಮುಂಜಾನೆ ಮುಟ್ಟಿ ನೋಡಿ, ಬಾಗಿಲಿನ ಚೌಕಟ್ಟು ಬೆಚ್ಚಗಿರಬೇಕು, ಇದು ತಣ್ಣಗಿದೆ, ಮಷೀನೇ ಕೆಟ್ಟಿದೆ ಎಂದನಂತೆ. ಸಂಜೆ ಗಾಡಿ ತಂದು ಒಯ್ಯುತ್ತಾನಂತೆ; ಬದಲಿಗೆ ಇನ್ನೊಂದು ಯಾವಾಗ ಬರುವುದೋ ಗೊತ್ತಿಲ್ಲವಂತೆ. ಆ ಫ್ರೀಜರ್ ನಂಬಿಯೇ ಅವಳು ಹೊಲಿಗೆ ಬಿಟ್ಟು ಅಂಗಡಿ ಹಾಕಿದ್ದು.

ಬೆಚ್ಚಗಿರಬೇಕು ಎಂಬ ಮಾತಿಗೆ ನನ್ನ ಕೈ ನಿಂತಿತು.

ಫ್ರೀಜರ್ ಬಂದ ದಿನ ಪೂಜೆ ಮಾಡಿದವಳು ನಾನು. ವಿಭೂತಿ ಹಚ್ಚುವಾಗ ಚೌಕಟ್ಟು ಕೈಗೆ ಬೆಚ್ಚಗೆ ಹತ್ತಿತ್ತು. ತಂಪು ಮಾಡುವ ಯಂತ್ರಕ್ಕೆ ಬಿಸಿಯೇಕೆ, ಐಸ್‌ಕ್ರೀಮ್ ಕರಗೀತು ಎಂದು ಗಾಬರಿಯಾಗಿ, ಹಿಂಬದಿಯ ಎರಡು ಬಟನ್‌ಗಳಲ್ಲಿ ಚಿಕ್ಕದನ್ನು ಬಂದ್ ಮಾಡಿದ್ದೆ. ಚೌಕಟ್ಟು ತಣ್ಣಗಾಯಿತು, ಒಳಗಿನ ತಂಪು ಹಾಗೇ ಇತ್ತು. ಉಪಕಾರ ಮಾಡಿದೆ ಅಂದುಕೊಂಡು, ಯಾರಿಗೂ ಹೇಳದೆ, ಪ್ರಸಾದ ಹಂಚಿ ಬಂದಿದ್ದೆ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನಾನೇ ಬರುತ್ತೇನೆಂದೆ. ರಾಯಚೂರು ನಿಲ್ದಾಣಕ್ಕೆ ಹೋದಾಗ ಮಾನ್ವಿ ಬಸ್ಸು ಹೊರಡುವುದರಲ್ಲಿತ್ತು, ಕೂರಲು ಜಾಗವೂ ಇತ್ತು. ಅಷ್ಟಕ್ಕೇ ಕೈ ಮುಗಿದೆ. ಸದ್ದಿಲ್ಲದೆ ಬಟನ್ ಒತ್ತಿ, ದೇವರು ಕಣ್ಣು ತೆರೆದ ಎಂದುಬಿಡಲೇ ಅಂತ ದಾರಿಯ ಕಲ್ಮಲ ಊರು ದಾಟುವವರೆಗೆ ಯೋಚಿಸಿದ್ದುಂಟು. ನನ್ನ ತಪ್ಪು ಮುಚ್ಚಲು ದೇವರನ್ನು ಎಳೆದು ತರುವುದು ಸರಿ ಕಾಣಲಿಲ್ಲ.

ಅಂಗಡಿ ಮುಟ್ಟಿದವಳೇ ಫ್ರೀಜರ್ ಹಿಂದಿನ ಗೋಡೆಯ ಸಂದಿಗೆ ಕೈ ತೂರಿಸಿ ಬಟನ್ ಒತ್ತಿದೆ. ಜೇಡರ ಬಲೆ ಮೊಣಕೈವರೆಗೂ ಹತ್ತಿತು.

"ಇದನ್ನ ಬಂದ್ ಮಾಡಿದಾಕಿ ನಾನ ಬೇ. ಪೂಜಿ ದಿನ."

ತಂಗಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನನ್ನ ಮಡಿಲಿಗೆ ಎಸೆದು ಹಾಲಿನ ಕ್ರೇಟು ಎತ್ತಿಡಲು ಹೋದಳು. ನಾನು ಒರೆಸುತ್ತಾ, ನಡುನಡುವೆ ಚೌಕಟ್ಟಿಗೆ ಅಂಗೈ ಇಟ್ಟು ನೋಡುತ್ತಾ ಕೂತೆ. ಮೊದಲು ಏನೂ ಇಲ್ಲ. ಆಮೇಲೆ ಮಗುವಿನ ಹಣೆಯಷ್ಟು ಬಿಸಿ. ಗಾಜು ಅಂಚಿನಿಂದ ತಿಳಿಯಾಗುತ್ತಾ ಬಂತು. ಮಾವಿನ ಕುಲ್ಫಿಯ ಹಳದಿ ಕಾಗದ ಕಂಡಿತು. ಒರೆಸಿದ ಮೇಲೆ ಮತ್ತೆ ನೀರು ಕೂಡಲಿಲ್ಲ.

ತಂಗಿ ಬಂದು ಪಕ್ಕದಲ್ಲಿ ನಿಂತಳು. "ಅಕ್ಕಾ, ಮುಂದಿನ ಸಲ ಬರೇ ಪೂಜಿ ಮಾಡು. ರಿಪೇರಿ ಮಾಡಬ್ಯಾಡ."

ಬಸ್ಸು ಸಿಕ್ಕದ್ದು ಮೊದಲನೆಯದಾದರೆ, ಹೀಗೆಂದು ಅವಳು ನಕ್ಕದ್ದು ಆ ದಿನದ ಎರಡನೇ ಕರುಣೆ. ಸಂಜೆ ಬಂದ ಕಂಪನಿಯವನಿಗೂ ನಾನೇ ಹೇಳಿದೆ. ಅವನು ಚೌಕಟ್ಟು ಮುಟ್ಟಿ ನೋಡಿದ, ಬಾಗಿಲು ತೆರೆದು ಮುಚ್ಚಿ ಸ್ವಲ್ಪ ಹೊತ್ತು ಕಾದ. ಗಾಜು ಬೆವರದಿರಲೆಂದೇ ಒಳಗೊಂದು ಬಿಸಿ ತಂತಿ ಇಟ್ಟಿರುತ್ತಾರೆ, ಮಳೆಗಾಲದಲ್ಲಿ ಆರಿಸಲೇಬೇಡಿ ಎಂದು ಹೇಳಿ, ಖಾಲಿ ಗಾಡಿಯಲ್ಲೇ ದೇವದುರ್ಗದ ಕಡೆ ಹೋದ.

ಮನೆಗೆ ಬಂದಾಗ ದೀಪಗಳ ಮೇಲೆ ಹುಣಸೆಹಣ್ಣು ಒಣಗಿ ಕಲೆ ಬಿದ್ದಿತ್ತು. ಹೊಸ ಹಣ್ಣು ನೆನೆಹಾಕಿ, ಸೀರೆ ಎತ್ತಿಕಟ್ಟಿ, ಮೊದಲಿನಿಂದ ತಿಕ್ಕಲು ಕೂತೆ.