ಜಾಲಿಗೆ ಕಟ್ಟಿದ ಕಲ್ಲು

ಹೊಲದ ಬದುವಿನ ಮರಕ್ಕೆ ಯಾರೋ ಕಲ್ಲು ಕಟ್ಟಿ ತೂಗುಬಿಟ್ಟಿದ್ದರೆ ನೀವು ಏನು ಮಾಡುತ್ತೀರಿ? ಮಾಟವೆಂದು ಓಡುತ್ತೀರಿ, ಅಲ್ಲವೇ? ನಾನು ಓಡಲಿಲ್ಲ. ಬಿಚ್ಚಿಕೊಂಡು ಮನೆಗೆ ತಂದೆ.

ಎಪ್ಪತ್ತರ ದಶಕ. ಕಿತ್ತೂರು ಕಡೆಯ ಕಾಡಂಚಿನ ಊರಿನಿಂದ ದೊಡವಾಡಕ್ಕೆ ಸೊಸೆಯಾಗಿ ಬಂದ ಹೊಸತು. ನುಣುಪಾದ ಆ ಹೊಳೆಗಲ್ಲು ಉಪ್ಪಿನಕಾಯಿ ಗಡಿಗೆಯ ಮುಚ್ಚಳದ ಮೇಲೆ ಹೇಳಿ ಮಾಡಿಸಿದಂತೆ ಕುಳಿತಿತು.

ನನ್ನ ತವರಿನಲ್ಲಿ ರೆಂಟೆಗೆ, ಅಂದರೆ ನೇಗಿಲಿಗೆ, ಬಾಗಿದ ಮರ ಬೇಕಾದರೆ ಅಪ್ಪ ಕಾಡಿನಲ್ಲಿ ಹುಡುಕಿ ತರುತ್ತಿದ್ದ. ದೊಡವಾಡದ ಎರೆಹೊಲಗಳಲ್ಲಿ ಕಾಡೆಲ್ಲಿಯದು? ಅಲ್ಲಿ ಬದುವಿನ ಎಳೆಯ ಜಾಲಿಗೆ ಕಲ್ಲು ಕಟ್ಟಿ, ಬಾಗಿಸಿ, ಹತ್ತು ವರ್ಷ ಕಾಯುತ್ತಾರೆ. ಬೆಳೆಯುತ್ತಲೇ ಬಾಗಿದ ಮರ ಸೀಳುವುದಿಲ್ಲ. ಬಾಗು ನಿಂತ ಮೇಲೂ ಕಲ್ಲು ತೆಗೆಯುವುದಿಲ್ಲ. ಈ ಗಿಡ ರೆಂಟೆಯದು, ಮುಟ್ಟಬೇಡ ಎಂದು ಕೊಡಲಿ ಹಿಡಿದವರಿಗೆ ಅದೇ ಗುರುತು. ಸೆರಗು ಎಷ್ಟು ಹೊದೆಯಬೇಕು, ಎಷ್ಟು ಮೆಲ್ಲಗೆ ನಗಬೇಕು ಎಂದೆಲ್ಲ ಕಲಿಸಿದವರು ಇದೊಂದನ್ನು ನನಗೆ ಹೇಳಲಿಲ್ಲ. ಆ ಸಿಟ್ಟು ಇಂದಿಗೂ ಇಳಿದಿಲ್ಲ.

ಮಾವನವರ ಹಳೆಯ ರೆಂಟೆ ಸೀಳಿತ್ತು. ಮಳೆಗೆ ಮೊದಲು ಹೊಸದಾಗಬೇಕಿತ್ತು. ಅಷ್ಟರಲ್ಲಿ ನನ್ನ ಗಂಡ ಅದಕ್ಕೆಂದು ಬಾಗಿಸಿದ್ದ ಬದುವಿನ ಜಾಲಿಯನ್ನೇ ಕಡಿದು ಇಟ್ಟಂಗಿ ಭಟ್ಟಿಗೆ ಹಾಕಿದ್ದರು.

"ಕಲ್ಲ ಇದ್ದಿದ್ದಿಲ್ಲ. ಅಪ್ಪನೇ ಬಿಚ್ಚ್ಯಾನ, ಗಿಡಾ ಬ್ಯಾಡಾಗೇತಿ ಅಂದಕೊಂಡೆ" ಎಂದರು.

ಕಲ್ಲು ಎಂದೊಡನೆ ನನ್ನ ಉಪ್ಪಿನಕಾಯಿ ಗಡಿಗೆ ನೆನಪಾಯಿತು. ಅದಕ್ಕೇ ದನಿ ಏರಿಸಿದೆ. "ಕೇಳಾಕ ಬಾಯಿ ಇದ್ದಿಲ್ಲೇನ್ರಿ? ಇರ್ಲಿ, ನಮ್ಮಪ್ಪಗ ಹೇಳಿ ಕಳಸ್ತೇನಿ. ಅಡವ್ಯಾಗಿಂದ ಎಂಥಾ ಕಟಗಿ ತರ್ತಾನ ನೋಡ್ರಿ."

ವಾರಕ್ಕೆ ಅಪ್ಪ ಬಂದ, ಬರಿಗೈಯಲ್ಲಿ.

"ಎಲ್ಲಿ ಅಡವಿ ಯವ್ವಾ? ದಿಂಡಲ, ಮತ್ತಿ ಎಲ್ಲಾ ಬೋಳಿಸಿ ನೀಲಗಿರಿ ಹಚ್ಚ್ಯಾರ. ಕೋಲ ನಿಂತಂಗ ನಿಂತಾವ. ಬಾಗಿದ್ದು ಒಂದರ ಇಲ್ಲ."

ನಾನು ಆಡಿ ಬೆಳೆದ ಕಾಡು. ಬೋಳಿಸಿದವರು ಎದುರಿಗಿದ್ದರೆ ಅವರ ಕೊಡಲಿಯನ್ನೇ ಕಸಿಯುತ್ತಿದ್ದೆ. ಎದುರಿಗಿದ್ದವರು ಗಂಡ. ಹಿರಿಯರ ಮುಂದೆಯೇ ಅವರ ಮೇಲೆ ಹರಿಹಾಯ್ದೆ. "ಹತ್ತ ವರ್ಷದ ಗಿಡಾ ಬೂದಿ ಮಾಡಿದ್ರಿ. ಈಗ ಬಿತ್ತೂದ ಹ್ಯಾಂಗ?"

ಎಂದೂ ನನ್ನೊಡನೆ ಎರಡು ಮಾತು ಆಡದ ಮಾವನವರು ಎದ್ದು ಅಡುಗೆಮನೆಗೆ ಹೋದರು. ಗಡಿಗೆಯ ಮೇಲಿನ ಕಲ್ಲು ತಂದು ನನ್ನ ಕಾಲ ಬಳಿ ಇಟ್ಟರು.

"ಅವಗ ಯಾಕ ಬೈತಿ ತಂಗಿ? ರೆಂಟಿ ಕಲ್ಲ ನಿನ್ನ ಉಪ್ಪಿನಕಾಯಿ ಮ್ಯಾಲ ಕುಂತೇತಿ. ಮಳಿ ಆದ ಮ್ಯಾಲ ಎತ್ತ ತಂದ ಆ ಗಡಗಿಗೇ ಹೂಡತೀನಿ, ತಗೋ."