ಗಿರಣಿಯ ಕಲ್ಲಿಗೂ ಮುಳ್ಳು ಬೇಕು

ತಳಕಲ್ಲಿನ ಹೊಳಿಯಮ್ಮ ಕೂಗಿ ಬರುವವಳಲ್ಲ. ಅವಳ ಹೆಗಲ ಚೀಲದಲ್ಲಿ ಚಾಣಗಳು ಕುಣಿಯುವ ಸದ್ದಿಗೇ ಓಣಿಯ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಬೀಸುವ ಕಲ್ಲು ಸವೆದು ನುಣ್ಣಗಾದರೆ ಜೋಳ ಜಾರುತ್ತದೆ, ಹಿಟ್ಟಾಗುವುದಿಲ್ಲ. ಆಗ ಕಲ್ಲನ್ನು ಅಂಗಾತ ಮಾಡಿ, ಚಾಣದಿಂದ ಮೈತುಂಬ ಸಣ್ಣ ಗುಳಿ ಹೊಡೆಯಬೇಕು. ಅದಕ್ಕೆ ಮುಳ್ಳು ಹಾಕುವುದು ಎನ್ನುತ್ತಾರೆ. ಯಲಬುರ್ಗಾ ಸೀಮೆಯ ಹದಿನಾಲ್ಕು ಹಳ್ಳಿಯ ಕಲ್ಲುಗಳಿಗೆ ಮುಳ್ಳು ಹಾಕುವವಳು ಅವಳೊಬ್ಬಳೇ. ಅವಳ ತಾಯಿಯ ಕೈಯಿಂದ ಬಂದ ವಿದ್ಯೆ ಅದು.

ಅವಳದೊಂದು ಪದ್ಧತಿಯಿತ್ತು. ಮುಳ್ಳು ಹಾಕಿದ ಮೇಲೆ ಬೀಸಿದ ಮೊದಲ ಬೊಗಸೆ ಹಿಟ್ಟು ಕಲ್ಲುಪುಡಿಯ ಜೊತೆ ತಿಪ್ಪೆಗೆ. ಎರಡನೆಯ ಬೊಗಸೆಯಲ್ಲಿ ಮನೆಯವರು ಆಗಲೇ ಒಂದು ರೊಟ್ಟಿ ಬಡಿಯಬೇಕು. ಅದು ಹಂಚಿನ ಮೇಲೆ ಉಬ್ಬಿದರೆ ತಿಂದು, ಸೆರಗಿಗೆ ಜೋಳ ಹಾಕಿಸಿಕೊಂಡು ಏಳುವಳು. ಉಬ್ಬದಿದ್ದರೆ ಕಲ್ಲು ಮತ್ತೆ ಅಂಗಾತ. ರೊಟ್ಟಿ ಬೇಯುವಷ್ಟರಲ್ಲಿ ಯಾವ ಮನೆಯ ಸೊಸೆಗೆ ಮುನಿಸು, ಯಾರ ಎಮ್ಮೆ ಗಬ್ಬ, ಎಲ್ಲ ಅವಳ ಕಿವಿ ಸೇರಿರುತ್ತಿತ್ತು. ಜೋಳ ಹೊಟ್ಟೆಗಾದರೆ ಆ ಸುದ್ದಿ ಜೀವಕ್ಕೆ.

ಜಗತ್ತಿನ ಎರಡನೆಯ ದೊಡ್ಡ ಯುದ್ಧ ಮುಗಿದ ವರ್ಷ ಗಂಗಾವತಿ ಕಡೆಯ ಕಾಸೀಮಸಾಬ ಬಂದು ತಳಕಲ್ಲಿನ ಸ್ಟೇಶನ್ನಿನ ಹತ್ತಿರ ಹಿಟ್ಟಿನ ಗಿರಣಿ ಹಾಕಿದ. ಮೊದಲ ವಾರ ಹೆಂಗಸರು ದೂರ ನಿಂತು ನೋಡಿದರು. ಯಂತ್ರ ಕಾಳಿನ ಸತ್ವ ನುಂಗುತ್ತದೆ ಎಂದರು. ತಿಂಗಳಿಗೆಲ್ಲ ಹಾಗೆಂದವರೇ ಬುಟ್ಟಿ ಹೊತ್ತು ಸಾಲಿನಲ್ಲಿ ನಿಂತರು. ಮನೆಯ ಕಲ್ಲುಗಳು ಮೂಲೆ ಸೇರಿದವು. ಹೊಳಿಯಮ್ಮ ನಾಲ್ಕು ಹಳ್ಳಿ ನಡೆದು ಖಾಲಿ ಸೆರಗಿನಲ್ಲಿ ಮನೆಗೆ ಬಂದ ದಿನಗಳೂ ಇದ್ದವು. ಹೊಟ್ಟೆಯ ಚಿಂತೆಗಿಂತ, ಇನ್ನು ಯಾರೂ ತನ್ನನ್ನು ಒಳಗೆ ಕರೆದು ಕೂರಿಸುವುದಿಲ್ಲವಲ್ಲ ಎಂಬುದು ಅವಳನ್ನು ಹೆಚ್ಚು ಕಾಡಿತು.

ಆರು ತಿಂಗಳಾಗಿತ್ತು. ಗಿರಣಿಯ ಹಿಟ್ಟು ಕೆಟ್ಟಿತು. ಜಿಗಿಯೇ ಇಲ್ಲ, ಬಡಿದ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಹರಿಯುತ್ತಿತ್ತು. ಹೊಲಕ್ಕೆ ಬುತ್ತಿ ಒಯ್ದ ಗಂಡಸರು ರೊಟ್ಟಿಯನ್ನು ಜೋಡಿಸಿ ತಿನ್ನಬೇಕಾಯಿತು. ಕಾಸೀಮಸಾಬ ಎಂಜಿನ್ನಿಗೆ ಎಣ್ಣೆ ಹೊಯ್ದ, ಪಟ್ಟಾ ಬಿಗಿದ, ಹಿಟ್ಟು ಸುಧಾರಿಸಲಿಲ್ಲ. ಒಂದೇ ದಿನ ಎಂಟು ಮನೆಯವರು ಹೊಳಿಯಮ್ಮನಿಗೆ ಹೇಳಿಕಳಿಸಿದರು. ಅವಳು ಕಂಬಾರನ ಹತ್ತಿರ ಚಾಣ ಹದ ಮಾಡಿಸಿಕೊಂಡು, ಹಬ್ಬಕ್ಕೆ ಹೊರಟವಳಂತೆ ಹೊರಟಳು.

ಮೊದಲು ಪಾರ್ವತೆಮ್ಮನ ಮನೆ. ಅಲ್ಲಿಂದ ಹೇಳಿಕಳಿಸಿದವನು ಅವಳ ಗಂಡ. ಬೀಸುವ ಕಲ್ಲಿನ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕಾವಿಗೆ ಕೂತ ಕೋಳಿ. ಕೋಳಿ ಎಬ್ಬಿಸವ್ವ ಎಂದರೆ ಪಾರ್ವತೆಮ್ಮ ಅಂಗೈ ಚಾಚಿದಳು.

"ನೋಡು, ಬೀಸಿ ಬೀಸಿ ಎದ್ದಿದ್ದ ದಡ್ಡು ಕರಗ್ಯಾವ. ಆರು ತಿಂಗಳಾತು, ಬೆಳಕ ಹರಿಯೂತನಕ ಮಲಗೀನಿ. ನಿನ್ನ ಚಾಣದ ಸಪ್ಪಳ ಕೇಳಿ ನಿನಗ ಹಬ್ಬ ಆಗೇತಿ, ನನಗ ಅಳು ಬರಾಕತ್ತೈತಿ. ಸಿಟ್ಟಾಗಬ್ಯಾಡ."

ಹೊಳಿಯಮ್ಮ ಸಿಟ್ಟಾಗಲಿಲ್ಲ. ಕೋಳಿಯನ್ನು ನೋಡಿದಳು, ಆ ಅಂಗೈ ನೋಡಿದಳು. ಚೀಲ ಹೆಗಲಿಗೇರಿಸಿ ನೇರ ಗಿರಣಿಗೆ ನಡೆದಳು. ಹಿಟ್ಟು ಉದುರುವ ಬಾಯಿಗೆ ಕೈಯೊಡ್ಡಿದರೆ ಜ್ವರ ಬಂದ ಕೂಸಿನ ಮೈಯಷ್ಟು ಬಿಸಿ.

ಕಲ್ಲು ಸವೆದಿದೆ, ಮುಳ್ಳು ಹಾಕಬೇಕು ಎಂದಳು. ಕಾಸೀಮಸಾಬ ನಕ್ಕ.

"ಇದು ಮಷೀನಿನ ಕಲ್ಲು ಐತಿ ಅಮ್ಮಾ. ಚಾಣ ತಾಗಿದ್ರ ಖರಾಬ ಆಗತೈತಿ."

"ತಾನು ಯಾರ ಮನ್ಯಾಗ ಅದೀನಿ ಅಂತ ಕಲ್ಲಿಗೇನ ಗೊತ್ರಿ ಸಾಹೇಬ್ರ? ಸವದದ್ದು ಸವದೈತಿ. ಎತ್ತಿಸ್ರಿ, ನೋಡೂಣು."

ಇಬ್ಬರು ಹಮಾಲರು ಮೇಲಿನ ಕಲ್ಲು ಎತ್ತಿದರು. ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಕಾಸೀಮಸಾಬ ತಾನೇ ಅವಳಿಗೆ ಕೂರಲು ಗೋಣಿಚೀಲ ಹಾಸಿದ.

ಆಗಿನಿಂದ ಮುಸ್ಸಂಜೆಯವರೆಗೆ ಚಾಣದ ಟಕಟಕ ನಡೆಯಿತು. ಎಂಜಿನ್ನು ತಿರುಗಿ ಹಿಟ್ಟು ಬಿದ್ದ ಕೂಡಲೇ ಕಾಸೀಮಸಾಬ ಕಿಸೆಗೆ ಕೈ ಹಾಕಿದ. ಹೊಳಿಯಮ್ಮ ತಲೆಯಾಡಿಸಿದಳು. ರೊಟ್ಟಿ ಉಬ್ಬಲಿ, ಆಮೇಲೆ ಕೂಲಿ. ಗಿರಣಿಯಲ್ಲಿ ಒಲೆ ಎಲ್ಲಿಂದ ತರುವುದು ಎಂದು ಅವನು ಕಕ್ಕಾಬಿಕ್ಕಿ. ಸಾಲಿನಲ್ಲಿದ್ದ ಹೆಂಗಸರೇ ಮೂರು ಕಲ್ಲು ಹೂಡಿದರು, ಒಬ್ಬಳು ಹಂಚು ತಂದಳು, ಪಾರ್ವತೆಮ್ಮ ರೊಟ್ಟಿ ಬಡಿದಳು. ಹರಿಯಲಿಲ್ಲ. ಆದರೆ ಒಂದು ಅಂಚು ಮಲಗಿಯೇ ಇತ್ತು. ಹೊಳಿಯಮ್ಮ ಮತ್ತೆ ಕಲ್ಲು ಎತ್ತಿಸಿದಳು. ಇಂಥ ಹಟ ತನ್ನ ಅತ್ತೆಯಲ್ಲೂ ಕಂಡಿಲ್ಲ ಎಂದು ಕಾಸೀಮಸಾಬ ಗೊಣಗಿದ್ದಕ್ಕೆ ಹಮಾಲರೂ ನಕ್ಕರು. ಎರಡನೆಯ ರೊಟ್ಟಿ ಗಾಳಿ ತುಂಬಿದ ಪುಗ್ಗೆಯಂತೆ ಉಬ್ಬಿತು. ಅರ್ಧ ಮುರಿದು ಅವನಿಗೂ ಕೊಟ್ಟಳು.

ಮುಂದೆ ಅವಳಿಗೆ ಹದಿನೈದು ದಿನಕ್ಕೊಮ್ಮೆ ಆ ಕೆಲಸ ಗಟ್ಟಿಯಾಯಿತು. ಕೂಲಿ ಈಗ ರೊಕ್ಕ; ಆದರೆ ರೊಟ್ಟಿಯ ಕರಾರು ಬಿಡಲಿಲ್ಲ, ಒಲೆಯೂ ಅಲ್ಲೇ ಉಳಿಯಿತು. ನಿಜಾಮರ ಆಡಳಿತ ಹೋಗುವ ಹೊತ್ತಿಗೆ ಕುಷ್ಟಗಿ, ಕೊಪ್ಪಳದ ಕಡೆಯ ಗಿರಣಿಯವರೂ ಕರೆಸತೊಡಗಿದ್ದರು. ಕೊಪ್ಪಳಕ್ಕೆ ರೈಲು ಹತ್ತಿಯೇ ಹೋಗುತ್ತಿದ್ದಳು, ಚಾಣದ ಚೀಲಕ್ಕೂ ಪಕ್ಕದಲ್ಲಿ ಜಾಗ ಹಿಡಿದು. ಹದಿನಾಲ್ಕು ಹಳ್ಳಿ ಅಲೆದು ಕೇಳುತ್ತಿದ್ದ ಸುದ್ದಿ ಈಗ ಬುಟ್ಟಿ ಹೊತ್ತು ತಾನೇ ಒಲೆಯ ಹತ್ತಿರ ಬರುತ್ತಿತ್ತು.

ಅಂದು ಬೀಸುವ ಕಲ್ಲಿನ ಮೇಲೆ ಕಾವಿಗೆ ಕೂತಿದ್ದ ಪಾರ್ವತೆಮ್ಮನ ಕೋಳಿ ಆ ಸಲ ಹನ್ನೊಂದು ಮರಿ ಮಾಡಿತು. ಎರಡನ್ನು ತಂದು ಅವಳು ಹೊಳಿಯಮ್ಮನ ಸೆರಗಿಗೆ ಹಾಕಿದಳು, ಹಿಂದೆ ಜೋಳ ಹಾಕುತ್ತಿದ್ದಂತೆಯೇ.