ಟೇಪಿನೊಳಗಿನ ಎರಡು ಬೆರಳು

ನಮ್ಮ ಮಾಸ್ತರರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ಒಂದು ಜಡ್ಡು ಇತ್ತು. ನಲವತ್ತು ವರ್ಷ ಕತ್ತರಿಯ ಹಿಡಿ ಒತ್ತಿ ಒತ್ತಿ ಮೂಡಿದ್ದು; ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಗಿರಾಕಿ ತಂದ ಬಟ್ಟೆಯನ್ನು ಅವರು ಬೆಳಕಿಗೆ ಹಿಡಿದು ನೋಡುತ್ತಿರಲಿಲ್ಲ. ಅಂಚನ್ನು ಬೆರಳುಗಳ ನಡುವೆ ಹಿಡಿದು ಒಮ್ಮೆ ತಿಕ್ಕಿ, "ಇದು ಒಗದ್ರ ಗಿಡ್ಡ ಆಗತೈತಿ, ಮೊದಲ ನೀರಾಗ ತೊಯ್ಸು" ಎನ್ನುತ್ತಿದ್ದರು. ತಪ್ಪಿದ್ದನ್ನು ನಾನು ಕಂಡಿಲ್ಲ.

ಮುಂಬಯಿಯಲ್ಲಿ ಬಟ್ಟೆ ಕತ್ತರಿಸುವವನನ್ನು ಮಾಸ್ಟರ್ ಎನ್ನುತ್ತಾರೆ. ನಾವಿಬ್ಬರೂ ವಿಜಯಪುರದ ಕಡೆಯವರು, ನನ್ನ ಬಾಯಲ್ಲಿ ಅದು ಮಾಸ್ತರ ಆಯಿತು. ಆರನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಈ ಹೆಸರಿನಿಂದ ಕರೆಯಲು ಕಡೆಗೂ ಒಬ್ಬರು ಸಿಕ್ಕಿದ್ದರು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಅವರು ನನ್ನ ಜೊತೆ ಕನ್ನಡ, ಗಿರಾಕಿಗಳ ಜೊತೆ ಹಿಂದಿ, ಸಿಟ್ಟು ಬಂದಾಗ ಮರಾಠಿ. ವಡಾಲದ ಅವರ ಅಂಗಡಿಯಲ್ಲಿ ಅವರು ಕತ್ತರಿಸಿದ್ದನ್ನು ನಾನು ಇಪ್ಪತ್ತೆರಡು ವರ್ಷ ಹೊಲಿದೆ. ನನ್ನ ಹೊಲಿಗೆಯ ಬಗ್ಗೆ ನನಗೆ ಗರ್ವವಿದೆ. ಅದನ್ನು ಮುಚ್ಚಿಡುವುದಿಲ್ಲ; ಓದಿದವರು ಸರ್ಟಿಫಿಕೇಟು ಗೋಡೆಗೆ ಹಾಕುತ್ತಾರೆ, ನಾನು ಹಾಕಿದ್ದು ಜನರ ಮೈಮೇಲೆ.

ಎದೆಯ ಅಳತೆಗೆ ಅವರದೊಂದು ಕಾಯಿದೆ ಇತ್ತು. ಟೇಪು ಸುತ್ತಿದಾಗ ಅದರೊಳಗೆ ಎರಡು ಬೆರಳು ಇರಲೇಬೇಕು. "ಒಂದು ಇಟ್ಟರ ಗಿರಾಕಿಗೆ ಉಸಿರು ಕಟ್ಟತೈತಿ. ಮೂರು ಇಟ್ಟರ ಅಪ್ಪನ ಅಂಗಿ ಹಾಕ್ಕೊಂಡಂಗ ಕಾಣತಾನ. ಎರಡು ಅಂದ್ರ ಎರಡು." ಅಳೆದು ಅವರು ನಂಬರು ಕೂಗುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಇಂಗ್ಲಿಷಿನಲ್ಲಿ ನನಗೆ ಬರುವುದು ಅಂಕಿಗಳು ಮಾತ್ರ, ಅಷ್ಟರಲ್ಲೇ ಬದುಕು ನಡೆಯಿತು.

ಕೆಲವು ವರ್ಷಗಳ ಹಿಂದೆ ಅವರ ಕಟಿಂಗ್ ತಪ್ಪತೊಡಗಿತು. ಒಂದು ತೋಳು ಉದ್ದ, ಒಂದು ಗಿಡ್ಡ. ಕೋಟಿನ ಎಡಭಾಗ ಬಲಭಾಗಕ್ಕಿಂತ ಒಂದೂವರೆ ಇಂಚು ಕಡಿಮೆ. ನಾನು ಬಾಯಿ ಬಿಡಲಿಲ್ಲ. ಅವರು ಚಹಾಕ್ಕೆ ಹೋದಾಗ ತುಂಡುಗಳನ್ನು ಮತ್ತೆ ಹರಡಿ ಸರಿ ಮಾಡುತ್ತಿದ್ದೆ. ಸರಿ ಆಗದಿದ್ದರೆ ಒಳಗಡೆ ಕಾಣದಂತೆ ತುಂಡು ಬಟ್ಟೆಯ ಜೋಡು ಕೊಡುತ್ತಿದ್ದೆ. ಕತ್ತರಿ ಹಿಡಿಯಲು ಕಲಿಸಿದವರಿಗೆ ನಿಮ್ಮ ಕತ್ತರಿ ತಪ್ಪುತ್ತಿದೆ ಎಂದು ಯಾವ ಬಾಯಿಂದ ಹೇಳಲಿ? ಹೇಳಿದರೆ ಅವರು ಮತ್ತೆ ಕತ್ತರಿ ಮುಟ್ಟುವುದೇ ಇಲ್ಲವೇನೋ ಎಂಬ ಹೆದರಿಕೆ. ಹೇಳದಿದ್ದರೆ ಇವತ್ತಲ್ಲ ನಾಳೆ ಯಾರೋ ಗಿರಾಕಿ ಅವರ ಮುಖಕ್ಕೇ ಕೋಟು ಎಸೆಯುತ್ತಾನೆ.

ಆ ದಿನಗಳಲ್ಲೇ ನಾಟಕದವರೊಬ್ಬರು ಬಂದು, ಬಾಂದ್ರಾದಲ್ಲಿ ಒಂದು ಪರದೇಶದ ಸಿನಿಮಾ ತೋರಿಸುತ್ತಿದ್ದಾರೆ, ಯಾವುದೋ ಕಾಲದ ಯುದ್ಧ, ಒಬ್ಬ ಸರ್ವಾಧಿಕಾರಿಯ ಕಥೆ, ಅವನು ಹಾಕಿದಂಥ ಕೋಟು ನಮಗೆ ಬೇಕು ಎಂದರು. ಮೊಬೈಲಿನಲ್ಲಿ ಫೋಟೋ ತೋರಿಸಲು ಹೋದರೆ ಮಾಸ್ತರರು ಬೇಡ ಎಂದು ಕೈ ಆಡಿಸಿದರು. "ಫೋಟೋದಾಗ ಕೋಟು ನಿಂತಿರತೈತಿ. ನಡದಾಗ ನೋಡ್ಬೇಕು." ನಾಟಕದವರು ಎರಡು ಪಾಸು ಕೊಟ್ಟರು.

ಭಾನುವಾರ ಮಧ್ಯಾಹ್ನ ಬಾಂದ್ರಾ ಲೋಕಲ್ ಹಿಡಿದೆವು. ಸ್ಟೇಶನ್ನಿನ ಮೆಟ್ಟಿಲು ಇಳಿಯುವಾಗ ಅವರು ನನ್ನ ಮೊಣಕೈ ಹಿಡಿದುಕೊಂಡರು. ಎಂದೂ ಹಿಡಿದವರಲ್ಲ. ನಾನು ನೋಡಿಯೂ ನೋಡದವನಂತೆ ನಡೆದೆ.

ಸಿನಿಮಾ ಶುರುವಾಯಿತು. ಗಂಟಲಿನಿಂದಲೇ ಆಡುವ ಯಾವುದೋ ಭಾಷೆ. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದವು.

"ಏನ್ ಬರದಾರ?" ಎಂದರು ಮಾಸ್ತರರು.

"ಇಂಗ್ಲಿಷ್ ರಿ. ನಂಬರ್ ಬಂದ್ರ ಹೇಳತೇನಿ."

ಎರಡು ಪಡೆಗಳಿದ್ದವು, ಎರಡರದ್ದೂ ಒಂದೇ ಮಣ್ಣಿನ ಬಣ್ಣದ ಬಟ್ಟೆ. ಯಾರು ಯಾರಿಗೆ ಗುಂಡು ಹೊಡೆಯುತ್ತಿದ್ದಾರೆ ತಿಳಿಯಲಿಲ್ಲ. ಸತ್ತನೆಂದುಕೊಂಡವನು ಮುಂದೆ ಊಟ ಮಾಡುತ್ತ ಕುಳಿತಿದ್ದ. ಅಷ್ಟರಲ್ಲಿ ದೊಡ್ಡ ಮಹಲಿನ ಮುಂದೆ ಭುಜಕ್ಕೆ ಜರಿ, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ ಇದ್ದ ಒಬ್ಬ ಬಂದ.

"ಬಂದಾ ನೋಡ್ರಿ, ಸರ್ವಾಧಿಕಾರಿ. ಏನ್ ಜರಿ ಹಚ್ಚ್ಯಾರ್ರಿ ಮಾಸ್ತರ."

ಅವನು ಮುಂದೆ ಹೋಗಿ ಒಂದು ಮೋಟಾರಿನ ಬಾಗಿಲು ತೆಗೆದು ತಲೆ ಬಗ್ಗಿಸಿ ನಿಂತ. ಒಳಗಿನಿಂದ ಒಬ್ಬ ಕುಳ್ಳ ಇಳಿದ. ಒಂದು ಬಿಲ್ಲೆಯೂ ಇಲ್ಲದ ಬೂದಿ ಬಣ್ಣದ ಕೋಟು. ಎಲ್ಲರೂ ಕಂಬದಂತೆ ನೆಟ್ಟಗಾದರು. "ಅವ ಬಾಗಿಲ ತೆಗಿಯಾವ್ರಿ, ಇಂವ ಸರ್ವಾಧಿಕಾರಿ" ಎಂದು ನಾನು ಮೆಲ್ಲಗೆ ತಿದ್ದಿಕೊಂಡೆ. ಮಾಸ್ತರರು ನಕ್ಕರು.

"ಹೊಟೇಲಿನ ಬಾಗಿಲದಾಗ ನಿಲ್ಲೂ ಮಂದಿಗೆ ನಾವ ಎಷ್ಟ ಜರಿ ಹಚ್ಚೇವಿ, ಮರತ್ಯಾ? ಮಾಲಕ ಬರೇ ಶರ್ಟಿನ್ಯಾಗ ಬರತಾನ."

ಮುಂದಿನ ಸಾಲಿನವರು ಹಿಂತಿರುಗಿ ನೋಡಿದರು. ಮಾಸ್ತರರು ದನಿ ತಗ್ಗಿಸಿ ಕೇಳುತ್ತಲೇ ಹೋದರು. ಕಾಲರ್ ಹ್ಯಾಂಗ ಐತಿ? ಹಿಂದ ಸೀಳು ಎಲ್ಲಿಗೆ ನಿಂತೈತಿ? ಪರದೆ ಎದುರಿಗೇ ಇತ್ತು. ಯಾಕೆ ಕೇಳುತ್ತಾರೆಂದು ನನಗೆ ಅರ್ಥವಾಗಲಿಲ್ಲ. ನನ್ನ ಕಣ್ಣು ಪರೀಕ್ಷೆ ಮಾಡುತ್ತಿದ್ದಾರೆಂದೇ ತಿಳಿದು ಹುಮ್ಮಸ್ಸಿನಿಂದ ಹೇಳಿದೆ.

ಯುದ್ಧದಲ್ಲಿ ಸೋಲುತ್ತಿದ್ದನೋ ಗೆಲ್ಲುತ್ತಿದ್ದನೋ, ಸರ್ವಾಧಿಕಾರಿ ಮಾತ್ರ ಸೊರಗುತ್ತ ಬಂದ. ಆಗ ಒಬ್ಬ ದರ್ಜಿ ಅವನಿಗೆ ಹೊಸ ಕೋಟಿನ ಅಳತೆ ತೆಗೆಯಲು ಬಂದ. ಇಡೀ ಸಿನಿಮಾದಲ್ಲಿ ನನಗೆ ತಿಳಿದದ್ದು ಅದೊಂದೇ ಭಾಗ.

"ಎದಿಗೆ ಟೇಪ್ ಸುತ್ತ್ಯಾನ್ರಿ. ಬೆರಳು ಒಳಗ ಇಟ್ಟಾನ."

"ಎಷ್ಟ ಬೆರಳು?"

ಎರಡು ಎಂದು ಹೇಳಹೊರಟವನು ಮತ್ತೆ ನೋಡಿದೆ. "ನಾಕು."

ಮಾಸ್ತರರು "ದರ್ಜಿ ಹೆದರ್ಯಾನ" ಎಂದರು. "ಸಾಹೇಬ ಸಣ್ಣಾಗ್ಯಾನ. ಹೇಳಾಕ ಧೈರ್ಯ ಇಲ್ಲ. ಹಳೇ ನಂಬರ್ ಹೇಳತಾನ ನೋಡು."

ದರ್ಜಿ ಏನೋ ಒಂದು ಮಾತು ಹೇಳಿದ. ಸರ್ವಾಧಿಕಾರಿ ಖುಷಿಯಾಗಿ ಕನ್ನಡಿ ನೋಡಿಕೊಂಡ. ಮುಂದೆ ಮೆರವಣಿಗೆಯಲ್ಲಿ ಆ ಕೋಟು ಗೂಟಕ್ಕೆ ತೂಗುಬಿಟ್ಟಂತೆ ಜೋಲುತ್ತಿತ್ತು, ತೋಳು ಬೆರಳುಗಳನ್ನು ಮುಚ್ಚಿತ್ತು. ದರ್ಜಿ ಮತ್ತೆ ಕಾಣಲಿಲ್ಲ. ಓಡಿ ಹೋದನೋ, ಕೊಂದರೋ ಗೊತ್ತಾಗಲಿಲ್ಲ. ಒಂದಿಷ್ಟು ಮನೆ ಸುಟ್ಟವು, ದೀಪ ಹತ್ತಿತು, ಜನ ಎದ್ದರು.

ಹೊರಗೆ ಬಂದು ಅರ್ಧ ಗ್ಲಾಸಿನ ಕಟಿಂಗ್ ಚಹಾ ತೆಗೆದುಕೊಂಡೆವು. ಗ್ಲಾಸು ಹಿಡಿದ ಮಾಸ್ತರರು ರಸ್ತೆಯ ಕಡೆ ಮುಖ ಮಾಡಿ ಕೇಳಿದರು.

"ನನ್ನ ಕಟಿಂಗ್ ಎಷ್ಟ ತಪ್ಪತೈತಿ ಈಗ?"

ನಾನು ಗ್ಲಾಸಿನೊಳಗೆ ನೋಡುತ್ತ ಹೇಳಿದೆ. "ಏನಿಲ್ರಿ. ಯಾವಾಗರೆ ಒಮ್ಮೆ, ಅರ್ಧ ಇಂಚು."

"ಎಷ್ಟ ಬೆರಳು ಇಟ್ಟು ಹೇಳಾಕತ್ತಿ?"

ಬಾಂದ್ರಾದ ಅಷ್ಟು ಗದ್ದಲದಲ್ಲೂ ನನಗೆ ಆ ಮಾತು ಬಿಟ್ಟು ಬೇರೇನೂ ಕೇಳಲಿಲ್ಲ.

"ನಾಕು, ಮಾಸ್ತರ."

"ಎರಡು ಇಟ್ಟು ಹೇಳು."

"ಒಂದೂವರಿ ಇಂಚು. ದಿನಾ."

ಅವರು ತಲೆ ಆಡಿಸಿದರು. ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತಂತೆ. ಸಿನಿಮಾದಲ್ಲಿ ಅವರಿಗೆ ಕಂಡದ್ದು ಬೆಳಕು, ನೆರಳು ಅಷ್ಟೇ. "ನೀ ಹೇಳತಿ ಅಂತ ದಿನಾ ಹಾದಿ ನೋಡಿದೆ. ನಾ ಹೊರಗ ಚಹಾ ಕುಡಿಯೂವಾಗ ನಿನ್ನ ಕತ್ತರಿ ಸಪ್ಪಳ ಕೇಳತಿತ್ತು ನನಗ. ಕಣ್ಣ ಹೋಗ್ಯಾವ, ಕಿವಿ ಅದಾವಲ್ಲೋ." ಹಾಗೆಂದು ಚಹಾ ಮುಗಿಸಿ ನನ್ನ ಮೊಣಕೈ ಹಿಡಿದುಕೊಂಡರು.

ಮರುದಿನ ಅವರ ಕತ್ತರಿ ನನ್ನ ಮಿಶಿನ್ನಿನ ಮೇಲಿತ್ತು. ನಾಟಕದ ಕೋಟು ನಾನೇ ಕತ್ತರಿಸಿದೆ. ಅದನ್ನು ಹಾಕಿದ ನಟನನ್ನು ಮಾಸ್ತರರು ಅಂಗಡಿಯ ಮುಂದೆ ನಾಲ್ಕು ಸಲ ನಡೆಸಿ, ಬಟ್ಟೆಯ ಸಪ್ಪಳ ಕೇಳಿ, "ಎಡಕ್ಕ ಕಾಲಿಗೆ ಹೊಡಿಯಾಕತ್ತೇತಿ, ಸ್ವಲ್ಪ ಬಿಚ್ಚು" ಎಂದರು. ನೋಡಿದರೆ ಹೌದು. ಆಮೇಲೂ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಎರಡು ವರ್ಷ ಬಟ್ಟೆ ತಿಕ್ಕಿ ಅದರ ಗುಣ ಹೇಳಿದರು.

ಹೋದ ವರ್ಷ ರಮಜಾನಿನ ಮೊದಲು ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ, "ಟೇಪ್ ತಂದೀ? ಈದ್‌ಗೆ ಕುರ್ತಾ ಹೊಲಿ" ಎಂದರು. ಅವರ ಮಗ ಹಿಂದಿನಿಂದ ಹಿಡಿದು ಕೂರಿಸಿದ. ಅವರದು ನಲವತ್ತರ ಎದೆ, ಎಷ್ಟು ಸಲ ಹೊಲಿದಿದ್ದೇನೆ. ಟೇಪು ಸುತ್ತಿದೆ. ಅಂಕಿಯನ್ನು ಎರಡು ಸಲ ಓದಿದೆ. ಮಗ ನನಗೆ ಕಣ್ಣಿನಲ್ಲೇ ಹೇಳಬೇಡ ಎಂದ.

"ಮೂವತ್ಮೂರು, ಮಾಸ್ತರ."

"ಬೆರಳು?"

"ಎರಡು."

ಅವರು ಟೇಪಿನ ಮೇಲೆ ತಮ್ಮ ಹೆಬ್ಬೆರಳು ಆಡಿಸಿ ನನ್ನ ಬೆರಳುಗಳನ್ನು ಮುಟ್ಟಿ ಎಣಿಸಿದರು. "ಬರಕೋ" ಎಂದರು.

ಈದ್‌ಗೆ ಹಾಕಿಕೊಂಡರು. ಸರಿಯಾಗಿ ಕೂತಿತ್ತು. ಆಮೇಲೆ ಹತ್ತು ದಿನ ಇದ್ದರು.

ಆ ಸಿನಿಮಾದಲ್ಲಿ ಯಾರು ಗೆದ್ದರೆಂದು ನನಗೆ ಇಂದಿಗೂ ಗೊತ್ತಿಲ್ಲ. ನಾಟಕದವರನ್ನು ಕೇಳಿದರೆ ಹೇಳಿಯಾರು, ಕೇಳಿಲ್ಲ. ನನ್ನನ್ನು ಅವರು ಕರೆದುಕೊಂಡು ಹೋದದ್ದು ಕೋಟಿಗೋ, ನನ್ನ ಬಾಯಿ ಬಿಡಿಸಲಿಕ್ಕೋ, ಅದೂ ತಿಳಿದಿಲ್ಲ. ಗಿರಾಕಿಯ ಎದೆಗೆ ಟೇಪು ಸುತ್ತಿದಾಗ ಮಾತ್ರ ಒಳಗಿನ ಬೆರಳುಗಳನ್ನು ಯಾರೋ ಮುಟ್ಟಿ ಎಣಿಸಿದಂತಾಗುತ್ತದೆ. ಎಣಿಸಿ ಮುಗಿಯುವ ತನಕ ನಾನು ನಂಬರು ಹೇಳುವುದಿಲ್ಲ.